ಗುಳ್ಳೆ ಹಬ್ಬ

ನಮ್ಮೂರಿನ ಬಸ್ಸಿನ ಕಂಡಕ್ಟರ್ ತೋಂಟದಪ್ಪ ಜನರನ್ನು ಎಣಿಸುವಾಗ ತಲೆಗೊಮ್ಮೆ ಕುಪ್ಪಳಿಸುತ್ತಾನೆ. ಬಸ್ಸು ತುಂಬಿದ ದಿನ, ಪಾಪ, ಹಿಂದಿನ ಸೀಟು ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಿರುತ್ತಾನೆ. ಪರಸ್ಥಳದವರು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ. ನಮಗೆ ಅದರಲ್ಲಿ ನಗುವಂಥದ್ದೇನೂ ಕಾಣುವುದಿಲ್ಲ. ಅವನಿಗೆ ಎಣಿಕೆ ಕಲಿಸಿದ್ದು ಕಪ್ಪೆ ಹಬ್ಬದಲ್ಲಿ. ಅವನ ತಾಯಿಗೆ ಆ ಹೊತ್ತಿಗೆ ಸಿಕ್ಕಿದ್ದು ಹಸಿರು ಕಾಗದ, ಅಷ್ಟೆ.

ನಮ್ಮಲ್ಲಿ ಹಾಲುಹಲ್ಲಿನ ಮಕ್ಕಳು ಕಲಿಯುವುದು ಹಬ್ಬದಲ್ಲೇ. ಬರೀ ಬಾಯಲ್ಲಿ ಹೇಳಿದ್ದು ಕೆಸುವಿನೆಲೆ ಮೇಲಿನ ನೀರು. ನೂರು ಸಲ ಹೇಳಿ, ಬೆಳಗ್ಗೆ ಎದ್ದರೆ ಮಗು ಮತ್ತೆ ಎಡಗಾಲಿನ ಚಪ್ಪಲಿಗೆ ಬಲಗಾಲು ತೂರಿಸುತ್ತಿರುತ್ತದೆ. ಅದೇ ಒಂದಷ್ಟು ಮಕ್ಕಳನ್ನು ಕರೆದು, ತಲೆಗೊಂದು ಕಾಗದದ ಟೋಪಿ ಇಟ್ಟು, ಆಡಿಸಿ, ನಗಿಸಿ, ಪಾಠವನ್ನು ಒಟ್ಟಿಗೆ ಕೂಗಿಸಿ ಬಾಯಿಗೆ ಸಿಹಿ ಹಾಕಿದರೆ ಆ ಪಾಠ ಸಾಯುವತನಕ ಕದಲುವುದಿಲ್ಲ. ಮೊದಲ ಹಲ್ಲು ಬಿದ್ದ ಮೇಲೆ ಯಾವ ಹಬ್ಬವೂ ನಾಟುವುದಿಲ್ಲ. ಆಮೇಲೆ ಶಾಲೆ, ಪುಸ್ತಕ, ಬೆತ್ತ, ಎಲ್ಲ ಊರುಗಳ ಹಾಗೆಯೇ. ಆದರೆ ಬಣ್ಣ, ಎಣಿಕೆ, ಎಡ, ಬಲ, ಬೆಂಕಿ, ನೀರು, ಯಾರು ಯಾರಿಗೆ ಏನಾಗಬೇಕು ಎನ್ನುವ ಬುನಾದಿಯೆಲ್ಲ ಅಷ್ಟರೊಳಗೆ ಬೀಳಬೇಕು. ಬೀಳದಿದ್ದರೆ ಆ ಜಾಗ ಕಡೆಯವರೆಗೂ ಖಾಲಿ.

ಆ ಹಬ್ಬಗಳನ್ನು ಕಟ್ಟುವುದೇ ನನ್ನ ಕಸುಬು. ಹೆಸರು ನೀಲಾಂಬಿಕೆ, ಊರಿಗೆಲ್ಲ ಹಬ್ಬದ ನೀಲಕ್ಕ. ಹಂಚಿಕೊಂಡು ತಿನ್ನುವುದನ್ನು ಕಲಿಸಬೇಕೆಂದರೆ ಇರುವೆ ಹಬ್ಬ ಮಾಡುತ್ತೇನೆ: ಕರಿ ಟೋಪಿ, ಸಾಲು ನಡಿಗೆ, ಎಲ್ಲರೂ ಸೇರಿ ಹೊರುವ ಒಂದು ಬೆಲ್ಲದ ಅಚ್ಚು. ಬಣ್ಣಕ್ಕೆ ಸಂತೆ ಹಬ್ಬ. ಬದನೆಕಾಯಿ ಇಲ್ಲದೆ ನೇರಳೆ ಬಣ್ಣವನ್ನು ನೆನೆಯಲಾರದ ಎಷ್ಟೋ ಗೃಹಸ್ಥರು ನಮ್ಮೂರಲ್ಲಿದ್ದಾರೆ, ಅವರಿಗೆ ಕಲಿಸಿದ್ದು ನಾನೇ. ಹಬ್ಬಕ್ಕೆ ಏನು ವೇಷ ಕಟ್ಟುತ್ತೇವೋ ಅದು ಪಾಠಕ್ಕೆ ಅಂಟಿಕೊಂಡೇ ಬರುತ್ತದೆ, ಹಾಗಾಗಿ ನೋಡಿ ಆರಿಸಬೇಕು. ಮಾತನ್ನೂ ಅಳೆದು ಸುರಿದು ಇಡಬೇಕು. ಮೇಗಲಕೇರಿಯ ಹಲಗಮ್ಮನಿಗೆ ಚಿಕ್ಕಂದಿನಲ್ಲಿ 'ಒಲೆ ಮುಟ್ಟಬಾರದು' ಎಂದು ಯಾರೋ ಪುಣ್ಯಾತ್ಮರು ಹಬ್ಬ ಮಾಡಿಬಿಟ್ಟರು. ಈಗ ಆಕೆಗೆ ಮೊಮ್ಮಕ್ಕಳಾಗಿವೆ, ಇನ್ನೂ ಒಲೆಯ ಹತ್ತಿರ ಸುಳಿದಿಲ್ಲ. ಬೇಯಿಸಿ ಹಾಕಿ ಹಾಕಿ ಗಂಡ ಸವೆದುಹೋದ. ತಿದ್ದಲೆಂದು ಆ ಕಾಲದಲ್ಲೇ ಇನ್ನೂ ಎರಡು ಮೂರು ಹಬ್ಬ ಮಾಡಿದ್ದರಂತೆ. ಹೊಸ ಪಾಠ ಹಳೆಯದರ ಮೇಲೆ ಕೂತಿತೇ ಹೊರತು ಹಳೆಯದು ಏಳಲಿಲ್ಲ. ನನ್ನ ಕೈಯಲ್ಲಿ ಅಂಥ ಎಡವಟ್ಟು ಒಂದೂ ಆಗಿಲ್ಲವೆಂದು ನನಗೆ ಜಂಬವಿತ್ತು.

ಸಾವಿಗೆ ಮಾತ್ರ ನಮ್ಮಲ್ಲಿ ಹಬ್ಬವಿಲ್ಲ. ಸಾವಾದ ಮನೆಯಲ್ಲಿ ವರ್ಷ ತುಂಬುವತನಕ ಟೋಪಿ ಕತ್ತರಿಸಕೂಡದು, ಆ ಮನೆಯ ಮಕ್ಕಳು ಬೇರೆಯವರ ಹಬ್ಬಕ್ಕೂ ಕಾಲಿಡಕೂಡದು. ಅಷ್ಟರಲ್ಲಿ ಹಲ್ಲು ಬಿದ್ದಿರುತ್ತದೆ. ದರ್ಜಿ ಗೌರೀಪತಿಯ ತಲೆಯಲ್ಲಿ ಒಂದು ಕರಿ ಕೂದಲಿಲ್ಲ. ಐದು ವರ್ಷದವನಿದ್ದಾಗ ಅವನ ತಾಯಿ ತೀರಿಹೋದರು. ಇಂದಿಗೂ ಬಾಗಿಲಿಗೆ ಮುಖ ಮಾಡಿಯೇ ಹೊಲಿಯುತ್ತಾನೆ. ಬೀದಿಯಲ್ಲಿ ಹೆಂಗಸಿನ ಕಾಲಸಪ್ಪಳ ಕೇಳಿದರೆ ಮಿಷನ್ ನಿಲ್ಲಿಸಿ ತಲೆ ಎತ್ತುತ್ತಾನೆ. ಹೆಣ್ಣು ನೋಡಲು ಅವ್ವನೇ ಬರಲಿ ಎಂದು ಮದುವೆ ಮುಂದಕ್ಕೆ ಹಾಕಿ ಹಾಕಿ ಹಾಗೇ ಉಳಿದ. ಅವನಿಗೆ ದುಃಖವಾದರೂ ಇದ್ದಿದ್ದರೆ ಚೆನ್ನಾಗಿತ್ತು. ದುಃಖವಿಲ್ಲ, ಬರೀ ಕಾಯುತ್ತಾನೆ. ಅಂಥವರು ನಮ್ಮೂರಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ.

ನನ್ನ ಹೊಟ್ಟೆಯಲ್ಲಿ ಗೆಡ್ಡೆ ಬೆಳೆದಿದೆ, ಈ ಸಲದ ದೀಪಾವಳಿ ಕಾಣುವುದು ಕಷ್ಟ ಎಂದು ಡಾಕ್ಟರು ಹೇಳಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಸ್ಮಶಾನವಲ್ಲ, ಗೌರೀಪತಿಯ ಅಂಗಡಿ. ನನ್ನ ಮಗಳು ಕುಮುದಳಿಗೆ ಆಗ ಐದು ತುಂಬಿ ಕೆಲವು ತಿಂಗಳಾಗಿತ್ತು. ಕೆಳಗಿನ ಮುಂಹಲ್ಲನ್ನು ನಾಲಗೆಯಿಂದ ತಳ್ಳಿ ನೋಡುವ ಅಭ್ಯಾಸ ಶುರುವಾಗಿತ್ತು. ನಾನು ಸತ್ತು ವರ್ಷ ತುಂಬುವವರೆಗೆ ಆ ಹಲ್ಲು ಕಾಯುವುದಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನನ್ನ ಮಗಳು ಮುದುಕಿಯಾಗುವವರೆಗೂ ಬಾಗಿಲು ನೋಡಿಕೊಂಡು ಕೂರುವುದು ನನಗೆ ಬೇಡವಾಗಿತ್ತು. ಸಾಯುವುದಕ್ಕಿಂತ ಅದೇ ನನಗೆ ದೊಡ್ಡ ಭಯವಾಯಿತು.

ನನ್ನ ಗಂಡ ಗುರುಸಿದ್ಧ ಸೈಕಲ್ ರಿಪೇರಿಯವರು. ಮಾತು ಕಡಿಮೆ, ಕೋಪ ಇನ್ನೂ ಕಡಿಮೆ. ನಾನು ಬದುಕಿರುವಾಗಲೇ ಮಗಳಿಗೆ ನನ್ನ ಸಾವಿನ ಹಬ್ಬ ಮಾಡಿಬಿಡುತ್ತೇನೆ ಎಂದ ದಿನ ಮಾತ್ರ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ನನ್ನನ್ನೇ ದುರುಗುಟ್ಟಿ ನೋಡಿದರು.

"ಬದುಕಿರೋಳನ್ನ ಹೋದ್ಲು ಅಂತ ಮಗೂಗೆ ಕಲಿಸ್ತೀಯಾ? ತಲೆ ಸರಿ ಇದೆಯಾ ನಿಂಗೆ?"

"ನಾನು ಹೋದ್ಮೇಲೆ, ಊರು ಬಾಯಿಗೆ ಬಂದಂಗೆ ಅಂದ್ರೂ ಪರವಾಗಿಲ್ಲ ಅಂತ ನೀವೇ ಹಬ್ಬ ಮಾಡೋಹಂಗಿದ್ರೆ ಈಗ್ಲೇ ಹೇಳಿ. ನಾನು ಸುಮ್ನಿರ್ತೀನಿ."

ಅವರು ಸ್ಪ್ಯಾನರನ್ನು ಮತ್ತೆ ಕೈಗೆತ್ತಿಕೊಂಡರು. ಸೂತಕದ ಮನೆಗೆ ಯಾರೂ ಮಕ್ಕಳನ್ನು ಕಳಿಸುವುದಿಲ್ಲ, ಮಕ್ಕಳಿಲ್ಲದೆ ಹಬ್ಬವಿಲ್ಲ. ನಟ್ಟು ಬಿಗಿಯುತ್ತಲೇ ಮೆಲ್ಲಗೆ ಕೇಳಿದರು, "ಒಂದ್ವೇಳೆ ನಿಂಗೆ ವಾಸಿ ಆಗ್ಬಿಟ್ರೆ?"

"ಡಾಕ್ಟ್ರಿಗಿಂತ ನಿಮಗೆ ಜಾಸ್ತಿ ಗೊತ್ತಾ?" ಎಂದೆ.

ಏನಾಗುತ್ತದೆಂದು ತಿಳಿಯದೆ ಮಾಡಿದವಳಲ್ಲ ನಾನು. ಪಾಠ ಕೂತ ದಿನದಿಂದ ಮಗಳ ಪಾಲಿಗೆ ಅಮ್ಮ ಎನ್ನುವವಳು ಇರುವುದಿಲ್ಲ, ನಾನು ಎದುರಿಗೆ ನಿಂತರೂ ಅವಳಿಗೆ ಅಮ್ಮ ಕಾಣುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ ಕೆಲವೇ ವಾರದ ಮಾತು. ಹಲ್ಲು ಕಚ್ಚಿ ಸಹಿಸಿದರೆ ಆಯಿತು, ಆಮೇಲೆ ಸಹಿಸಲು ನಾನೇ ಇರುವುದಿಲ್ಲವಲ್ಲ ಎಂದುಕೊಂಡೆ.

ಮಕ್ಕಳನ್ನು ಕೂಡಿಸಲು ನನ್ನ ನಾದಿನಿ ದಾಕ್ಷಾಯಿಣಿ ಮನೆಮನೆ ತಿರುಗಿದಳು. ನಮ್ಮ ಬೀದಿಯಲ್ಲೇ ಇದ್ದವಳು, ನನ್ನ ಹಬ್ಬಗಳಿಗೆ ಸಿಹಿ ಮಾಡುವವಳೂ ಅವಳೇ. ನಮ್ಮ ಮಗುವಿಗೂ ಅಮ್ಮ ಹೋದಳು ಎಂದು ಕೂತುಬಿಟ್ಟರೆ ಏನು ಗತಿ ಎಂದು ಎಲ್ಲರೂ ಹಿಂದೇಟು ಹಾಕಿದರು. ಕುಮುದಳ ಹೆಸರು ಹಿಡಿದೇ ಕೂಗಿಸುತ್ತೇನೆ ಎಂದು ನಾನು ಮಾತು ಕೊಟ್ಟ ಮೇಲೆ, ಸಾಯುವವಳ ಮಾತು ತೆಗೆದುಹಾಕಲಾರದೆ ಕೆಲವರು ಒಪ್ಪಿದರು. ಎದುರುಮನೆಯವಳಂತೂ ಗೇಟಿನವರೆಗೆ ಬಂದು, "ನೀಲಕ್ಕ, ಹೆಂಗೂ ಗುಳ್ಳೆ ಹಬ್ಬ ಅಂತೀರ, ಹಂಗೇ ನಮ್ಮ ಹುಡುಗಂಗೆ ಗುಂಡಗಿರೋದು ಯಾವ್ದು, ಚೌಕ ಯಾವ್ದು ಅನ್ನೋದನ್ನೂ ಸೇರಿಸ್ಬಿಡಿ" ಎಂದಳು. ನಾನು ಸೇರಿಸಿದೆ. ಊರಿನವರ ಸ್ವಭಾವ ಹೊಸದೇನಲ್ಲ, ಅಳುವವರ ಮನೆಯಲ್ಲೂ ತಮ್ಮ ಬೇಳೆ ಬೇಯಿಸಿಕೊಳ್ಳುವ ಜನ.

ಗುಳ್ಳೆಯನ್ನು ಆರಿಸಿಕೊಂಡಿದ್ದಕ್ಕೆ ಕಾರಣವಿತ್ತು. ಹಕ್ಕಿ ಹಾರಿಹೋದರೆ ಸಂಜೆಗೆ ಗೂಡಿಗೆ ಬರುತ್ತದೆ. ದೀಪ ಆರಿದರೆ ಮತ್ತೆ ಹಚ್ಚಬಹುದು. ಬಸ್ಸೂ ಬರುತ್ತದೆ, ಮೋಡವೂ ಬರುತ್ತದೆ. ಒಡೆದ ಗುಳ್ಳೆ ಬರುವುದಿಲ್ಲ, ಒಡೆದದ್ದಕ್ಕೆ ಯಾವ ಮಗುವೂ ಎದೆ ಬಡಿದುಕೊಳ್ಳುವುದಿಲ್ಲ. ಮುಂದೆ ನನ್ನ ನೆನಪು ಬಂದಾಗಲೆಲ್ಲ ಅವಳ ಕಣ್ಣಮುಂದೆ ಬಿಸಿಲಿಗೆ ಬಣ್ಣಬಣ್ಣವಾಗಿ ಹೊಳೆಯುವ ಗುಳ್ಳೆ ಬರಲಿ, ಚಟ್ಟ ಬರುವುದು ಬೇಡ ಎಂದು ನನ್ನ ಆಸೆ. ಪರಂಗಿ ಎಲೆಯ ದಂಟು ಕತ್ತರಿಸಿ ಕೊಳವೆ ಮಾಡಿದೆ. ಅಂಟುವಾಳದ ಕಾಯಿ ನೆನೆಹಾಕಿ ಕಿವುಚಿ ನೊರೆನೀರು ಮಾಡಿದೆ. ನೀಲಿ ಕಾಗದದ ದುಂಡು ಟೋಪಿಗಳು. ಹಬ್ಬ ಕಟ್ಟುವವಳೆಂದು ನನಗೆ ಎಂದಿನ ಹಳದಿ ಟೋಪಿ.

ಆ ಟೋಪಿ ಇಟ್ಟುಕೊಂಡಾಗ ನಾನು ಯಾರ ಅಮ್ಮನೂ ಅಲ್ಲ. ಬೇರೆಯವರ ಹಬ್ಬಗಳಿಗೆ ಕುಮುದಳನ್ನು ಕರೆದೊಯ್ಯುವಾಗ, ಅಲ್ಲಿ ನನ್ನನ್ನು ಎಲ್ಲ ಮಕ್ಕಳಂತೆ ನೀಲಕ್ಕ ಎಂದೇ ಕರೆಯಬೇಕು, ಬನ್ನಿ ಹೋಗಿ ಎನ್ನಬೇಕು ಎಂದು ನಾನೇ ರೂಢಿ ಮಾಡಿಸಿದ್ದೆ. ಹಬ್ಬದ ನಡುವೆ ಒಂದು ಮಗು ಬಂದು ಅಮ್ಮಾ ಎಂದು ಸೆರಗು ಜಗ್ಗಿದರೆ ಉಳಿದವಕ್ಕೂ ಅವರವರ ಅಮ್ಮನ ನೆನಪಾಗಿ ರಾಗ ಶುರುವಾಗುತ್ತದೆ. ಕಸುಬಿನ ಅನುಕೂಲಕ್ಕೆ ಮಾಡಿದ ಏರ್ಪಾಡು ಅದು.

ಹಿತ್ತಲಲ್ಲಿ ಹಬ್ಬ. ಗುಳ್ಳೆಗಳು ಬಟ್ಟೆ ಒಣಹಾಕುವ ತಂತಿಯವರೆಗೂ ಹಾರಿದವು. ಮಕ್ಕಳು ಹಿಡಿಯಲು ಓಡಿ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಗುಂಡಗಿರುವುದು ಯಾವುದು, ಚೌಕ ಯಾವುದು ಎನ್ನುವುದನ್ನು ಮೊದಲೇ ಮುಗಿಸಿದೆ. ಆಮೇಲೆ ಕೂಗಿಸಲು ನಿಂತೆ.

"ಗುಳ್ಳೆ ಎಲ್ಲಿ?"

"ಹೋಯ್ತು."

"ತಿರುಗಿ ಬರುತ್ತಾ?"

"ಬರಲ್ಲ."

"ಚೆನ್ನಾಗಿತ್ತಾ?"

"ಚೆನ್ನಾಗಿತ್ತು."

ಹೀಗೆ ಹಲವು ಸಲ ಆಡಿಸಿ, ನಗು ಏರಿದ್ದಾಗಲೇ, ಅದೇ ಧಾಟಿಯಲ್ಲಿ ಕೇಳಿದೆ, "ಕುಮುದನ ಅಮ್ಮ ಎಲ್ಲಿ?" ನನ್ನ ದನಿ ನಡುಗಲಿಲ್ಲ. ಇಷ್ಟು ವರ್ಷ ಮಾಡಿದ ಕೆಲಸ, ದನಿ ಹೇಗೆ ನಡುಗುತ್ತದೆ. ಮಕ್ಕಳು ಹೋದ್ರು ಎಂದರು. ಕುಮುದ ಕೊಳವೆಯನ್ನು ಬಾಯಲ್ಲಿ ಹಾಗೇ ಇಟ್ಟುಕೊಂಡು ಒಂದು ಗಳಿಗೆ ನನ್ನ ಮುಖ ನೋಡಿದಳು. ಎರಡನೇ ಸಲ ಕೇಳಿದಾಗ ಎಲ್ಲರಿಗಿಂತ ಜೋರಾಗಿ ಕೂಗಿದವಳು ಅವಳೇ. ಹಬ್ಬಗಳಲ್ಲಿ ಯಾವಾಗಲೂ ಅವಳ ಗಂಟಲೇ ಮುಂದು. ಬರಲ್ಲ ಎಂದು ಕುಣಿದಳು, ಚೆನ್ನಾಗಿದ್ರು ಎಂದು ನಕ್ಕಳು. ದಾಕ್ಷಾಯಿಣಿ ಕಣ್ಣು ಬೇರೆ ಕಡೆ ಮಾಡಿಕೊಂಡು ಒಂದೊಂದು ಬಾಯಿಗೂ ಕೊಬ್ಬರಿ ಮಿಠಾಯಿ ಹಾಕಿದಳು. ಮಗಳು ಅಗಿದು ನುಂಗುವುದನ್ನು ನಾನು ನೋಡುತ್ತಾ ನಿಂತೆ.

ನುಂಗಿದವಳು ಕೈಯೊರೆಸಿಕೊಂಡು ನನ್ನ ಹತ್ತಿರ ಬಂದಳು. "ನೀಲಕ್ಕ, ಇನ್ನೊಂಚೂರು ನೊರೆನೀರು ಹಾಕಿ" ಎಂದು ತನ್ನ ಬಟ್ಟಲು ಚಾಚಿದಳು. ನಾನು ಹಾಕಿದೆ.

ಆ ಹಬ್ಬವನ್ನು ಊರು ಹೊಗಳಿತು. ಮಗು ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ ನೋಡಿ, ಕೈಗುಣ ಅಂದರೆ ನೀಲಕ್ಕಂದು ಎಂದು ಮುದುಕಿಯರು ಜಗಲಿಯ ಮೇಲೆ ಕೂತು ಮಾತಾಡಿದರು. ನಾನು ಮನೆಯ ಹಿಂದಿನ ಕೋಣೆಗೆ ಹಾಸಿಗೆ ಹಾಕಿಕೊಂಡೆ. ಕುಮುದ ಅಪ್ಪನ ಪಕ್ಕ ಮಲಗಿದಳು, ಅತ್ತೆಯ ಕೈಯಲ್ಲಿ ಜಡೆ ಹಾಕಿಸಿಕೊಂಡಳು, ಚೆನ್ನಾಗಿ ಉಂಡಳು. ಆಗೀಗ ನನ್ನ ಕೋಣೆಗೆ ನೀರು ತಂದಿಟ್ಟು, ನೀಲಕ್ಕನಿಗೆ ಹುಷಾರಿಲ್ವಂತೆ ಎಂದು ತನ್ನಷ್ಟಕ್ಕೆ ಹೇಳಿಕೊಂಡು ಹೋಗುವಳು. ಹಬ್ಬ ಕೂತಿತ್ತು. ನಾನು ಗಂಟುಮೂಟೆ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ಕೂತವಳ ಹಾಗೆ ಸಾವನ್ನು ಕಾಯತೊಡಗಿದೆ.

ದೀಪಾವಳಿ ಬಂತು, ಹೋಯಿತು. ಡಾಕ್ಟರು ಕೊಟ್ಟ ಮಾತ್ರೆಯನ್ನು ಗಂಡನ ಮುಖ ನೋಡಲಾರದೆ ನುಂಗುತ್ತಿದ್ದೆ. ಸಂಕ್ರಾಂತಿಯ ಹೊತ್ತಿಗೆ ನನಗೆ ಹಸಿವಾಗತೊಡಗಿತು. ಹಸಿವಾದದ್ದಕ್ಕೆ ಹೆದರಿದವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಆಸ್ಪತ್ರೆಗೆ ಹೋದಾಗ ಡಾಕ್ಟರು ಸ್ಕ್ಯಾನಿಂಗ್ ಚಿತ್ರವನ್ನು ಬೆಳಕಿಗೆ ಹಿಡಿದು, ಕೆಳಗಿಳಿಸಿ, ಮತ್ತೆ ಹಿಡಿದರು. "ಗೆಡ್ಡೆ ಕರಗ್ತಾ ಇದೆ ಅಮ್ಮ. ಹೀಗಾಗೋದು ಬಲು ಅಪರೂಪ. ನೀವು ಬದುಕ್ಕೋತೀರ. ಸ್ವಲ್ಪ ನಗಿ" ಎಂದರು. ಗುರುಸಿದ್ಧ ಹೊರಗಿನ ಬೆಂಚಿನ ಮೇಲೆ ಕೂತು ಅತ್ತರು. ಯಾವುದಕ್ಕೆ ಅಳುತ್ತಿದ್ದೀರಿ ಎಂದು ನಾನು ಕೇಳಲಿಲ್ಲ.

ಮನೆಗೆ ಬಂದವಳೇ ಮಗಳನ್ನು ಎದುರಿಗೆ ಕೂರಿಸಿಕೊಂಡೆ. ಹಬ್ಬವಿಲ್ಲದ ಮಾತು ನಿಲ್ಲುವುದಿಲ್ಲವೆಂದು ಊರಿಗೆಲ್ಲ ಹೇಳುವವಳು ನಾನೇ. ಆದರೂ ಹೇಳಿದೆ. "ಕುಮುದ, ನನ್ನ ನೋಡು. ನಾನೇ ಕಣೇ ನಿನ್ನ ಅಮ್ಮ."

ದೊಡ್ಡವರ ತಮಾಷೆಗೆ ನಗುವ ಹಾಗೆ ನಕ್ಕಳು. ನನ್ನ ಕಣ್ಣಲ್ಲಿ ನೀರು ಕಂಡು ನಗು ನಿಲ್ಲಿಸಿ ಕೈ ಹಿಡಿದುಕೊಂಡಳು. "ಅಮ್ಮ ಹೋದ್ಲಲ್ಲ ನೀಲಕ್ಕ, ಗುಳ್ಳೆ ಥರ. ಬರಲ್ಲ. ಚೆನ್ನಾಗಿದ್ಲು, ಅಳ್ಬೇಡಿ" ಎಂದು ನನಗೇ ಸಮಾಧಾನ ಹೇಳಿದಳು. ಅವಳ ಕೆನ್ನೆಗೊಂದು ಬಾರಿಸಬೇಕು ಎನಿಸಿತು. ಇಷ್ಟು ಚೆನ್ನಾಗಿ ಯಾಕೆ ಕಲಿತೆ, ನಿನ್ನ ಮನಸ್ಸು ಒಂದಿಷ್ಟಾದರೂ ತಕರಾರು ಮಾಡಬಾರದಿತ್ತೇ ಎಂದು ಕೇಳಬೇಕೆನಿಸಿತು. ಕಲಿಸಿದವಳ ಬಾಯಿಗೆ ಆ ಪ್ರಶ್ನೆ ಒಪ್ಪುವುದಿಲ್ಲ.

ಆಮೇಲೊಂದು ದಿನ ರವಿಕೆ ಹೊಲಿಸಲು ಗೌರೀಪತಿಯ ಅಂಗಡಿಗೆ ಹೋದೆ. ನನ್ನ ಕಾಲಸಪ್ಪಳಕ್ಕೆ ಮಿಷನ್ ನಿಂತಿತು, ಅವನ ನರೆತ ತಲೆ ಆಸೆಯಿಂದ ಮೇಲೆದ್ದಿತು. "ಓ, ನೀಲಕ್ಕನಾ, ಬನ್ನಿ. ಅವ್ವ ಏನೋ ಅನ್ಕೊಂಡೆ" ಎಂದ. ಸತ್ತು ಮಣ್ಣಾಗಿ ಒಂದು ಕಾಲವಾಗಿದೆ, ಆ ಹೆಂಗಸಿಗಾಗಿ ಇನ್ನೂ ಒಬ್ಬ ತಲೆ ಎತ್ತುತ್ತಾನೆ. ನಾನು ಬದುಕಿ ಅಡುಗೆಮನೆಯಲ್ಲೇ ಓಡಾಡಿದರೂ ನನ್ನ ಮನೆಯಲ್ಲಿ ಯಾವ ತಲೆಯೂ ಏಳುವುದಿಲ್ಲ. ಆ ಸತ್ತ ತಾಯಿಯನ್ನು ನೆನೆದು ನನಗೆ ಹೊಟ್ಟೆಕಿಚ್ಚಾಯಿತು. ಬಟ್ಟೆ ಕೊಡದೆ ವಾಪಸ್ಸು ಬಂದೆ.

ನಾನು ಹುಷಾರಾಗಿ ಮನೆಯೊಳಗೆ ಓಡಾಡತೊಡಗಿದಂತೆ ಕುಮುದಳಿಗೆ ಕಸಿವಿಸಿ ಶುರುವಾಯಿತು. ನಾನು ಅವಳ ಅಪ್ಪನಿಗೆ ಊಟ ಬಡಿಸಿದರೆ ತಟ್ಟೆಗಳನ್ನು ದಿಟ್ಟಿಸುವಳು. ಒಂದು ಮಧ್ಯಾಹ್ನ ನನ್ನೆದುರೇ ಅಪ್ಪನನ್ನು ಕೇಳಿದಳು, "ಅಪ್ಪ, ನೀಲಕ್ಕಂಗೆ ವಾಸಿ ಆಯ್ತಲ್ಲ. ಅವರ ಮನೆಗೆ ಯಾವಾಗ ಹೋಗ್ತಾರೆ?" ಗುರುಸಿದ್ಧ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಕೈತೊಳೆದರು.

ಅಂದು ಸಂಜೆ ದಾಕ್ಷಾಯಿಣಿ ಬಂದು ನನ್ನ ಪಕ್ಕ ಕೂತಳು. ಹೇಳಬೇಕಾದ್ದನ್ನು ದಾರಿಯುದ್ದ ಯೋಚಿಸಿಕೊಂಡು ಬಂದಿದ್ದಳು. "ಅತ್ತಿಗೆ, ಅವಳ ಹಲ್ಲು ಅಲ್ಲಾಡ್ತಿದೆ. ನಾನು ಮುಟ್ಟಿ ನೋಡ್ದೆ. ಇನ್ನೊಂದು ಹಬ್ಬಕ್ಕೆ ಮಾತ್ರ ಹೊತ್ತಿದೆ."

"ಏನಂತ ಮಾಡ್ಲಿ? ಹೋದೋಳು ಬಂದ್ಲು ಅಂತಾನಾ? ಬರಲ್ಲ ಅಂತ ಕೂತಾಗಿದೆ."

"ಬಂದ್ಲು ಅಂತ ಬೇಡ. ನೀವು ಅವಳ ಚಿಕ್ಕಮ್ಮ ಅಂತ ಕಲಿಸೋಣ. ಅಪ್ಪ ಮಾಡ್ಕೊಂಡ ಎರಡನೇ ಹೆಂಡ್ತಿ ಅಂತ."

"ನಾನೇ ಹೆತ್ತ ಮಗಳಿಗೆ ಮಲತಾಯಿ ಆಗ್ಬೇಕಾ ದಾಕ್ಷಾಯಿಣಿ?"

"ಏನೂ ಆಗದೆ ಇರೋದಕ್ಕಿಂತ ಅದು ವಾಸಿ ಅಲ್ವಾ" ಎಂದಳು. ಅವಳನ್ನು ಬೈಯಲು ಬಾಯಿ ತೆರೆದೆ. ಅವಳು ಹೇಳಿದ್ದರಲ್ಲಿ ತಪ್ಪು ಸಿಗಲಿಲ್ಲ.

ಕೋಳಿ ಹಬ್ಬ ಮಾಡಿದೆವು. ಬಾತುಮೊಟ್ಟೆಗೆ ಕಾವು ಕೂತ ಕೋಳಿಯ ಆಟ, ಕೆಂಪು ಕಾಗದದ ಜುಟ್ಟು, ರೆಕ್ಕೆಯಡಿ ತೂರಿಕೊಳ್ಳುವ ಮಕ್ಕಳು. ಈ ಸಲ ಯಾರೂ ಹಿಂದೇಟು ಹಾಕಲಿಲ್ಲ, ಎರಡನೇ ಮದುವೆಯ ಹಬ್ಬಗಳು ನಮ್ಮೂರಿಗೆ ಹೊಸದಲ್ಲ. ನಾನು ಹಳದಿ ಟೋಪಿ ಇಡಲಿಲ್ಲ, ಕೂಗಿಸಿದ್ದು ದಾಕ್ಷಾಯಿಣಿ. ನನ್ನನ್ನು ಗಂಡನ ಪಕ್ಕದ ಮಣೆಯ ಮೇಲೆ ಕೂರಿಸಿದ್ದರು. ಮದುವೆಯಾಗಿ ಹತ್ತು ವರ್ಷದ ಗಂಡನ ಪಕ್ಕದಲ್ಲಿ ಹೊಸ ಹೆಣ್ಣಿನ ಹಾಗೆ ತಲೆ ತಗ್ಗಿಸಿ ಕೂತಿದ್ದೆ. ಕುಮುದಳ ಚಿಕ್ಕಮ್ಮ ಯಾರು ಎಂದು ದಾಕ್ಷಾಯಿಣಿ ಕೇಳಿದಳು, ಮಕ್ಕಳೆಲ್ಲ ನೀಲಕ್ಕ ಎಂದು ಕೂಗಿದವು. ಕುಮುದಳ ದನಿಯನ್ನು ಅದರಲ್ಲಿ ಹುಡುಕಿದೆ. ಇತ್ತು. ಬಾಯಿಗೆ ಸಜ್ಜಿಗೆ ಬಿತ್ತು, ನುಂಗಿದಳು.

ಪಾಠ ಕೂತದ್ದು ಅವಳ ಮುಖದಲ್ಲೇ ಕಾಣಿಸಿತು. ಹೇಳಿಕೊಟ್ಟ ಹಾಗೆ ನನ್ನ ಹತ್ತಿರ ಬಂದಳು, ಕೊರಳಿಗೆ ಕೈ ಹಾಕಿದಳು. ಎಷ್ಟೋ ತಿಂಗಳ ಮೇಲೆ ಅವಳ ಉಸಿರು ನನ್ನ ಕೆನ್ನೆಗೆ ತಾಗಿತು. "ಚಿಕ್ಕಮ್ಮ" ಎಂದಳು. ನಾನು ಅವಳನ್ನು ಅಪ್ಪಿಕೊಂಡೆ. ಇದೇ ಸಾಕು, ಇಷ್ಟರಲ್ಲೇ ಬದುಕಿಬಿಡುತ್ತೇನೆ ಎಂದು ನಿಜವಾಗಿಯೂ ಅನಿಸಿತು.

ಅವಳ ಕೈ ನನ್ನ ಹೆಗಲಿನಿಂದ ಜಾರಿ ಸೆರಗಿನ ಮೇಲೆ ನಿಂತಿತು. ನಾನು ಉಟ್ಟಿದ್ದು ನನ್ನ ಧಾರೆಸೀರೆ. ಇಂಥ ದಿನ ಚೆನ್ನಾಗಿರುವುದನ್ನು ಉಡಿ ಎಂದು ದಾಕ್ಷಾಯಿಣಿ ಹೇಳಿದ್ದಕ್ಕೆ ಪೆಟ್ಟಿಗೆಯಿಂದ ತೆಗೆದಿದ್ದೆ. ಕುಮುದ ಜರಿಯನ್ನು ಬೆರಳಿನಿಂದ ಸವರಿ, ಅಂಚನ್ನು ಮೂಗಿಗೆ ಹಿಡಿದು ನೋಡಿ, ಹಿಂದೆ ಸರಿದಳು.

"ಇದು ನಮ್ಮಮ್ಮನ ಸೀರೆ" ಎಂದಳು.

ಜುಟ್ಟಿನ ಟೋಪಿಯ ಮಕ್ಕಳು ನನ್ನ ಸೀರೆಯ ಕಡೆ ತಿರುಗಿದವು.

"ನೀವ್ಯಾಕೆ ಉಟ್ಕೊಂಡಿದೀರ? ಬಿಚ್ಚಿ. ಇದು ನಮ್ಮಮ್ಮಂದು." ಗುಳ್ಳೆ ಹಬ್ಬದಲ್ಲಿ ಬರದ ಕಣ್ಣೀರು ಈಗ ಬಂದಿತ್ತು.

ನಾನು ಒಳಗೆ ಹೋಗಿ ಮನೆಯಲ್ಲುಡುವ ನೂಲಿನ ಸೀರೆ ಉಟ್ಟೆ. ಧಾರೆಸೀರೆಯನ್ನು ಮಡಿಸಿ ತಂದು ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಎದೆಗವಚಿಕೊಂಡು ಪೆಟ್ಟಿಗೆಯ ಹತ್ತಿರ ಹೋದಳು. ಮುಚ್ಚಳ ಎತ್ತಲು ಕೈ ಎಟುಕಲಿಲ್ಲ, ನಾನೇ ಎತ್ತಿ ಹಿಡಿದೆ. ಸೀರೆಯನ್ನು ಒಳಗಿಟ್ಟು, ಮುಚ್ಚಿಸಿ, ಪೆಟ್ಟಿಗೆಯ ಮೇಲೆ ಹತ್ತಿ ಕೂತು ನನ್ನ ಮುಖ ನೋಡಿದಳು.

"ಅಮ್ಮನ ಸಾಮಾನು ಇನ್ಮೇಲೆ ನೀವು ಮುಟ್ಟಬಾರ್ದು ಚಿಕ್ಕಮ್ಮ."

"ಇಲ್ಲ ಪುಟ್ಟಿ, ಮುಟ್ಟಲ್ಲ" ಎಂದೆ.